ಗಣಿತ ಪದವೀಧರರಿಗೆ ಉದ್ಯಮದತ್ತ ಒಂದು ದಾರಿ

ಬಿ.ಎಸ್‌ಸಿ.ಯಲ್ಲಿ ಗಣಿತ ಅಭ್ಯಾಸ ಮಾಡಿದ ಮಗನೋ ಮಗಳೋ ಮುಂದೆ ಓದಬೇಕೆಂದಾಗ ವರ್ತಕರ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ: ಎಂ.ಬಿ.ಎ. ಮಾಡಲಿ, ಇಲ್ಲವೇ ಅಂಗಡಿಗೆ ಬಂದು ಕೂರಲಿ. ಗಣಿತದಲ್ಲಿಯೇ ಮುಂದುವರಿದರೆ ಉಪನ್ಯಾಸಕ ವೃತ್ತಿಯೊಂದೇ ಗತಿ ಎಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆಯಿಂದ ನಷ್ಟವಾಗುವುದು ಮಕ್ಕಳಿಗೆ ಮಾತ್ರವಲ್ಲ, ಉದ್ಯಮಕ್ಕೂ ಹೌದು.

ಗೋದಾಮಿನಲ್ಲಿ ಎಷ್ಟು ಸರಕಿರಬೇಕು, ಯಾವ ಯಂತ್ರಕ್ಕೆ ಯಾವ ಕೆಲಸವನ್ನು ಮೊದಲು ಕೊಡಬೇಕು, ಲಾರಿ ಯಾವ ಮಾರ್ಗ ಹಿಡಿಯಬೇಕು ಎಂಬುದನ್ನು ಲೆಕ್ಕದಿಂದ ನಿರ್ಧರಿಸುವ ಶಾಸ್ತ್ರವೇ ಆಪರೇಷನ್ಸ್ ರಿಸರ್ಚ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸೇನೆಗಾಗಿ ಬೆಳೆದ ಈ ವಿದ್ಯೆ, 1947ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಜಿಗ್ ಸಿಂಪ್ಲೆಕ್ಸ್ ವಿಧಾನವನ್ನು ರೂಪಿಸಿದ ಮೇಲೆ ಕಾರ್ಖಾನೆಗಳಲ್ಲಿಯೂ ನೆಲೆಯೂರಿತು.

ಖರೀದಿಯ ಪ್ರಮಾಣವನ್ನು ತಿಳಿಸುವ ಸೂತ್ರವಂತೂ ಅದಕ್ಕಿಂತ ಹಳೆಯದು. ಫೋರ್ಡ್ ಹ್ಯಾರಿಸ್ ಅದನ್ನು 1913ರಲ್ಲಿಯೇ ಪ್ರಕಟಿಸಿದರು. ಉದಾಹರಣೆಗೆ, ಒಂದು ಘಟಕಕ್ಕೆ ವರ್ಷಕ್ಕೆ 3,600 ಬೇರಿಂಗ್ ಬೇಕು. ಪ್ರತಿ ಆರ್ಡರಿನ ಖರ್ಚು ರೂ. 500, ಒಂದು ಬೇರಿಂಗನ್ನು ವರ್ಷವಿಡೀ ದಾಸ್ತಾನಿಡಲು ಬಡ್ಡಿ ಸೇರಿ ರೂ. 10 ಎಂದಿಟ್ಟುಕೊಳ್ಳಬಹುದು. ಇಡೀ ವರ್ಷದ್ದನ್ನು ಒಮ್ಮೆಗೇ ತರಿಸಿದರೆ ಈ ಎರಡು ಬಾಬ್ತಿನ ಖರ್ಚು ರೂ. 18,500. ಪ್ರತಿ ತಿಂಗಳು ತರಿಸಿದರೆ ರೂ. 7,500. ಸೂತ್ರದಂತೆ ಎರಡು ತಿಂಗಳಿಗೊಮ್ಮೆ 600ರಂತೆ ತರಿಸಿದರೆ ರೂ. 6,000 ಮಾತ್ರ. ಸಗಟು ರಿಯಾಯಿತಿಯ ಆಸೆಗೆ ಗೋದಾಮು ತುಂಬಿಸುವವರು ರಿಯಾಯಿತಿಯ ಜೊತೆಗೆ ಈ ಖರ್ಚನ್ನೂ ತೂಗಿ ನೋಡಬೇಕು.

ವ್ಯಾಸಂಗಕ್ಕೆ ದೇಶದಲ್ಲಿ ಒಳ್ಳೆಯ ಅವಕಾಶಗಳಿವೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಆಪರೇಷನಲ್ ರಿಸರ್ಚ್‌ಗೆಂದೇ ಪ್ರತ್ಯೇಕ ವಿಭಾಗವಿದ್ದು, ಅಲ್ಲಿನ ಎರಡು ವರ್ಷಗಳ ಸ್ನಾತಕೋತ್ತರ ಪದವಿ ಬಿ.ಎಸ್‌ಸಿ. ಗಣಿತದವರಿಗೆ ನೇರವಾಗಿ ಹೊಂದುತ್ತದೆ. ಇಂಜಿನಿಯರಿಂಗ್ ಮುಗಿಸಿದವರು ಗೇಟ್ ಪರೀಕ್ಷೆಯ ಮೂಲಕ ಮುಂಬಯಿ ಐ.ಐ.ಟಿ.ಯಲ್ಲಿ ಈ ವಿಷಯದ ಎಂ.ಟೆಕ್. ಸೇರಬಹುದು. ಮಹಾಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಟೆಕ್. ಪದವಿಯಲ್ಲಿ ಗುಣಮಟ್ಟ ಹಾಗೂ ವಿಶ್ವಾಸಾರ್ಹತೆಯ ವಿಷಯಗಳೂ ಸೇರಿವೆ. ತಯಾರಕರ ಮಕ್ಕಳಿಗೆ ಇದೇ ಹೆಚ್ಚು ಉಪಯುಕ್ತ. ಅದೇ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ.

ಅನ್ವಯಿಕ ಗಣಿತದ ಎಂ.ಎಸ್‌ಸಿ. ಬೇರೆಯದೇ ಬಗೆಯದು. ಅವಕಲ ಸಮೀಕರಣ, ದ್ರವಗಳ ಚಲನೆ, ಸಂಖ್ಯಾತ್ಮಕ ವಿಧಾನಗಳು ಅಲ್ಲಿ ಪ್ರಧಾನ. ಪಂಪು, ಅಚ್ಚುಗಳ ವಿನ್ಯಾಸಕ್ಕೆ ಅವು ನೆರವಾಗುತ್ತವೆ, ದಾಸ್ತಾನಿನ ಲೆಕ್ಕಕ್ಕೆ ಅಷ್ಟಾಗಿ ಅಲ್ಲ.

ವರ್ತಕರ ಮಕ್ಕಳಲ್ಲಿ ಹೆಚ್ಚಿನವರು ಆರಿಸಿಕೊಳ್ಳುವುದು ಬಿ.ಕಾಂ. ಆದರೆ ಬಿ.ಕಾಂ.ನಲ್ಲಿ ಕಲಿತಷ್ಟು ಗಣಿತ ಈ ಪದವಿಗಳಿಗೆ ಸಾಲದು. ಆದ್ದರಿಂದ ಈ ಆಲೋಚನೆ ಪಿ.ಯು.ಸಿ. ಹಂತದಲ್ಲಿಯೇ ಆರಂಭವಾಗಬೇಕು.

ಇಂತಹ ಕೋರ್ಸುಗಳ ಕೊನೆಯಲ್ಲಿ ಸಾಮಾನ್ಯವಾಗಿ ಪ್ರಾಜೆಕ್ಟ್ ಇರುತ್ತದೆ. ಅದಕ್ಕಾಗಿ ಬರುವ ವಿದ್ಯಾರ್ಥಿಯನ್ನು ಬಾಗಿಲಿನಿಂದಲೇ ಕಳುಹಿಸುವ ಬದಲು, ಎರಡು ವರ್ಷಗಳ ಖರೀದಿ ಹಾಗೂ ದಾಸ್ತಾನು ಪುಸ್ತಕಗಳನ್ನು ಮುಂದಿಟ್ಟು, ಬೇರಿಂಗಿನಂತಹ ಒಂದೇ ಒಂದು ಸರಕಿನ ಲೆಕ್ಕವನ್ನು ಮೊದಲು ಒಪ್ಪಿಸಬಹುದು.