ಕಪ್ ಗೆದ್ದ ಮೇಲೆ ನಗಿಸುವುದು ಹೇಗೆ?

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಟೆನ್ನಿಸ್ ಬಾಲ್ ಟೂರ್ನಿ ಶುರುವಾದರೆ ಬ್ಯಾಟಿಗಿಂತ ಮೈಕಿಗೇ ಗಿರಾಕಿ ಜಾಸ್ತಿ. ಹೊರ ರಾಜ್ಯಗಳಿಂದಲೂ ತಂಡಗಳು ಬಂದಿರುತ್ತವೆ. ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಮೇಲೊಂದು ಮಿರ್ಚಿ ಹಿಡಿದ ಜನ ಸುತ್ತ ನಿಂತಿರುತ್ತಾರೆ. ಕಾಮೆಂಟರಿ ಹೇಳುವಾತ ಸಿಕ್ಸರ್ ಹೊಡೆದವನನ್ನು ಎರಡೇ ಮಾತಿನಲ್ಲಿ ಹೊಗಳಿ ಮುಗಿಸುತ್ತಾನೆ. ಕ್ಯಾಚ್ ಬಿಟ್ಟವನನ್ನು ಮಾತ್ರ ಓವರ್ ಮುಗಿಯುವವರೆಗೆ ಬಿಡುವುದಿಲ್ಲ. ‘ಅಣ್ಣಾ, ಬಾಲ್ ಹಿಡಿಯಾಕ್ ಬಂದೀಯೋ, ಹಾರ ಹಾಕಿಸ್ಕೊಳ್ಳಾಕ್ ಬಂದೀಯೋ?’ ಅಂದರೆ ಇಡೀ ಮೈದಾನ ನಗುತ್ತದೆ. ಕ್ಯಾಚ್ ಬಿಟ್ಟವನೂ ತಲೆ ಕೆರೆದುಕೊಂಡು ನಗುತ್ತಾನೆ.

ಆಟದ ಮೇಲೆ ತೆಗೆದ ನಗೆಚಿತ್ರಗಳೆಲ್ಲ ಬದುಕಿರುವುದು ಈ ಕ್ಯಾಚ್ ಬಿಟ್ಟವನಿಂದಲೇ. ಕೈಲಾಗದ ತಂಡ, ಕುಡುಕ ಕೋಚ್, ಹರಿದ ಬೂಟು, ಎದುರಿಗೆ ಇಸ್ತ್ರಿ ಹಾಕಿದ ಅಂಗಿಯ ಎದುರಾಳಿ. ಎರಡು ಗಂಟೆ ಹೀಗೆ ನಕ್ಕು, ಕಡೆಯ ಹತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕೂತು, ತಂಡ ಗೆದ್ದಾಗ ಕಣ್ಣು ಒರೆಸಿಕೊಂಡು ಎದ್ದು ಬರುತ್ತೇವೆ. ಹರಿಹರೇಶ್ವರನ ಮೂರ್ತಿಯ ಹಾಗೆ ಅರ್ಧ ನಗೆ, ಅರ್ಧ ಆಟ. ಒಂದು ಪಕ್ಕ ಸಣ್ಣದಾದರೂ ವಿಗ್ರಹ ಊನ. ತೊಡಕು ಬರುವುದು ನಿರ್ಮಾಪಕ ‘ಭಾಗ 2’ ಅಂದಾಗ. ಗೆದ್ದವರನ್ನು ನೋಡಿ ಯಾರು ನಗುತ್ತಾರೆ? ಬೇರೆ ನಗೆಚಿತ್ರಗಳಿಗೆ ಈ ಸಂಕಟವಿಲ್ಲ. ಪೆದ್ದ ಎರಡನೇ ಭಾಗದಲ್ಲೂ ಪೆದ್ದನಾಗಿಯೇ ಇರಬಹುದು. ಕಪ್ ಎತ್ತಿದವನನ್ನು ಮತ್ತೆ ಕೈಲಾಗದವನನ್ನಾಗಿ ಮಾಡಲು ಮಾತ್ರ ಕಾರಣ ಬೇಕು.

ಅಮೆರಿಕದವರು ಈ ಗಂಟಿಗೆ ಮೊದಲು ಕೈಹಾಕಿದರು. 1976ರ ‘ದಿ ಬ್ಯಾಡ್ ನ್ಯೂಸ್ ಬೇರ್ಸ್’ ಚಿತ್ರದಲ್ಲಿ ಪೋಲಿ ಹುಡುಗರ ಬೇಸ್‌ಬಾಲ್ ತಂಡ ಫೈನಲ್‌ನಲ್ಲಿ ಸೋಲುತ್ತದೆ. ಸೋತರು ಅಂದಮೇಲೆ ಕಥೆ ಇನ್ನೂ ಬಾಕಿ ಇದೆ ಎಂದೇ ಅರ್ಥ. 1977ರಲ್ಲಿ ಒಂದು, 1978ರಲ್ಲಿ ಜಪಾನಿಗೆ ಹೋಗುವ ಇನ್ನೊಂದು ಬಂದವು. ಆದರೆ ಕೋಚ್ ಪಾತ್ರದ ವಾಲ್ಟರ್ ಮ್ಯಾಥೌ ಎರಡರಲ್ಲೂ ಇರಲಿಲ್ಲ, ಉಪ್ಪಿಲ್ಲದ ಸಾರಾಯಿತು. ಗಾಲ್ಫ್ ಮೈದಾನದ ‘ಕ್ಯಾಡಿಶ್ಯಾಕ್’ (1980) ಎಂಟು ವರ್ಷಕ್ಕೆ ಎರಡನೇ ಭಾಗ ಕಂಡಿತು. ಅದರ ಹೆಸರೆತ್ತದಿರುವುದೇ ಲೇಸು. ‘ಮೇಜರ್ ಲೀಗ್’ನವರು 1994ರಲ್ಲಿ ಜಾಣತನದ ಎಳೆಯೊಂದನ್ನು ಹಿಡಿದಿದ್ದರು: ಗೆದ್ದ ಆಟಗಾರರಿಗೆ ಹೆಸರು, ದುಡ್ಡು ತಲೆಗೇರಿ ತಂಡ ಮತ್ತೆ ಪಾತಾಳಕ್ಕೆ ಬಿದ್ದಿದೆ. ಎಳೆ ಚೆನ್ನಾಗಿತ್ತು, ನೇಯ್ಗೆ ಸಡಿಲ.

ನನ್ನ ಲೆಕ್ಕದಲ್ಲಿ ಈ ಗಂಟನ್ನು ಸರಿಯಾಗಿ ಬಿಚ್ಚಿದ್ದು ಪಕ್ಕದ ತಮಿಳುನಾಡು. ವೆಂಕಟ್ ಪ್ರಭು ಅವರ ಮೊದಲ ಚಿತ್ರ ‘ಚೆನ್ನೈ 600028’ ತೆರೆಗೆ ಬಂದದ್ದು 2007ರ ಏಪ್ರಿಲ್‌ನಲ್ಲಿ. ಅದಕ್ಕೆ ತಿಂಗಳ ಹಿಂದಷ್ಟೇ ವೆಸ್ಟ್ ಇಂಡೀಸ್‌ನ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕತ್ವದ ಭಾರತ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತ್ತು. ದೊಡ್ಡ ಕ್ರಿಕೆಟ್ ಮೇಲೆ ಮುನಿಸಿಕೊಂಡಿದ್ದ ಜನಕ್ಕೆ ಗಲ್ಲಿ ಕ್ರಿಕೆಟ್ ತೋರಿಸಿದ ಸಿನಿಮಾ ಅದು. ಅದರ ಶಾರ್ಕ್ಸ್ ತಂಡದವರು ಹುಲಿಗಳಂತೆ ಮೀಸೆ ತಿರುವಿ, ಬೆಟ್ ಮ್ಯಾಚ್‌ನಲ್ಲಿ ಚಡ್ಡಿ ಹಾಕಿದ ಪುಟಾಣಿಗಳ ಎದುರು ಸೋತುಬಿಡುತ್ತಾರೆ. ಎರಡನೇ ಭಾಗ ಬಂದದ್ದು 2016ರ ಡಿಸೆಂಬರ್‌ನಲ್ಲಿ. ನಡುವಿನ ಒಂಬತ್ತು ವರ್ಷವನ್ನು ನಿರ್ದೇಶಕರು ಮುಚ್ಚಿಡಲಿಲ್ಲ. ಅದೇ ನಟರಿಗೆ ಈಗ ಮದುವೆಯಾಗಿದೆ, ಹೊಟ್ಟೆ ಬಂದಿದೆ, ಬ್ಯಾಟ್ ಹಿಡಿಯಬೇಕಾದರೆ ಹೆಂಡತಿಯ ಒಪ್ಪಿಗೆ ಬೇಕು. ಗೆಳೆಯನ ಮದುವೆಗೆಂದು ಥೇಣಿ ಕಡೆಗೆ ಹೋದವರು ಹಳ್ಳಿ ಟೂರ್ನಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಚಿತ್ರ ಮೊದಲಿನಷ್ಟು ತಾಜಾ ಅಲ್ಲ, ನಿಜ. ಆದರೆ ಆ ತಂಡವನ್ನು ಮತ್ತೆ ಕೈಲಾಗದವರನ್ನಾಗಿ ಮಾಡಲು ಕಥೆಗಾರ ತಿಣುಕಬೇಕಾಗಲಿಲ್ಲ, ಕಾಲವೇ ಆ ಕೆಲಸ ಮಾಡಿತ್ತು. 1996ರ ‘ಹ್ಯಾಪಿ ಗಿಲ್ಮೋರ್’ಗೆ 2025ರಲ್ಲಿ ಎರಡನೇ ಭಾಗ ಮಾಡಿದ ಆ್ಯಡಮ್ ಸ್ಯಾಂಡ್ಲರ್ ಹಿಡಿದದ್ದೂ ಇದೇ ದಾರಿ. ಅಷ್ಟರಲ್ಲಿ ಗುರುವಿನ ಪಾತ್ರದ ಕಾರ್ಲ್ ವೆದರ್ಸ್ ತೀರಿಕೊಂಡಿದ್ದರು. ಆ ಪಾತ್ರದ ಮಗನನ್ನು ತಂದು ಕೂರಿಸಿದರು.

ಕನ್ನಡದಲ್ಲಿ ಆಟದ ನಗೆಚಿತ್ರಗಳೇ ಬೆರಳೆಣಿಕೆಯಷ್ಟು. ಇದ್ದುದರಲ್ಲಿ ಎದ್ದು ಕಾಣುವುದು 2022ರ ಸೆಪ್ಟೆಂಬರ್‌ನಲ್ಲಿ ಬಂದ ‘ಗುರು ಶಿಷ್ಯರು’. ಜಡೇಶ್ ಕುಮಾರ್ ಹಂಪಿ ನಿರ್ದೇಶನ. ಶರಣ್ ಹಳ್ಳಿ ಶಾಲೆಯ ಪಿ.ಟಿ. ಮೇಷ್ಟ್ರು, ಆಟ ಖೋ ಖೋ. ಹೆಸರು ಹಳೆಯದು. 1981ರಲ್ಲಿ ದ್ವಾರಕೀಶ್ ನಿರ್ಮಿಸಿ, ಭಾರ್ಗವ ನಿರ್ದೇಶಿಸಿ, ವಿಷ್ಣುವರ್ಧನ್ ನಟಿಸಿದ ‘ಗುರು ಶಿಷ್ಯರು’ ಚಿತ್ರದ ಪೆದ್ದ ಶಿಷ್ಯರನ್ನು ಮರೆತವರುಂಟೇ? ಹೊಸ ಚಿತ್ರ ಅದರ ಮುಂದುವರಿಕೆಯಲ್ಲ, ಹೆಸರಿನ ಋಣ ಅಷ್ಟೇ. ಆದರೂ ಹಳಬರ ಮುಂದೆ ನಿಲ್ಲುವ ಭಾರ ಅದಕ್ಕಿತ್ತು. ಮತ್ತೊಂದು ಚಮತ್ಕಾರವೆಂದರೆ, ಶಿಷ್ಯರ ಪಾತ್ರಗಳಿಗೆ ಬಂದವರಲ್ಲಿ ಹಲವರು ನಟರ ಮಕ್ಕಳು: ಶರಣ್, ಪ್ರೇಮ್, ರವಿಶಂಕರ್ ಗೌಡ, ಬುಲೆಟ್ ಪ್ರಕಾಶ್ ಅವರ ಹುಡುಗರು. ಕಥೆಗೆ ಎರಡನೇ ಭಾಗ ಬರುವ ಮೊದಲೇ ಮನೆತನಗಳ ಎರಡನೇ ಭಾಗ ಮೈದಾನಕ್ಕಿಳಿದಿತ್ತು.

ಶರಣ್‌ಗೆ ‘2’ ಹೊಸದಲ್ಲ. ‘ರ‍್ಯಾಂಬೊ’ (2012) ಆದಮೇಲೆ 2018ರಲ್ಲಿ ‘ರ‍್ಯಾಂಬೊ 2’, ‘ವಿಕ್ಟರಿ’ (2013) ಆದಮೇಲೆ ಅದೇ 2018ರಲ್ಲಿ ‘ವಿಕ್ಟರಿ 2’. ರ‍್ಯಾಂಬೊ ಹೆಸರನ್ನಷ್ಟೇ ಉಳಿಸಿಕೊಂಡು ಹೊಸ ಕಥೆ ಹೇಳಿತು. ಅದು ಅವರಿಗೆ ಮನೆಯಲ್ಲೇ ಸಿಕ್ಕ ವಿದ್ಯೆ ಇರಬೇಕು ಅಂತ ನನ್ನ ಗುಮಾನಿ, ಏಕೆಂದರೆ ಅವರ ತಂದೆ ತಾಯಿ ಕಂಪನಿ ನಾಟಕದವರು.

ಕಂಪನಿ ನಾಟಕದ ಗುಟ್ಟು ದಾವಣಗೆರೆಗೆ ಗೊತ್ತಿಲ್ಲದ್ದೇನಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದೇ. 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅದರ ಕಣ್ಮಣಿ. ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ಎಂಬ ಬೋರ್ಡು ಬಿದ್ದರೆ ಟೆಂಟು ತುಂಬುತ್ತಿತ್ತು. ವೃತ್ತಿ ಕಂಪನಿಗಳಲ್ಲಿ ‘ಭಾಗ 2’ ಎಂಬ ಮಾತಿಲ್ಲ. ಕ್ಯಾಂಪ್ ಬದಲಾದಂತೆ ಹಾಸ್ಯದವನ ಮಾತು ಬದಲಾಗುತ್ತದೆ, ಅಷ್ಟೇ. ಹರಿಹರದಲ್ಲಿ ಆಡುವಾಗ ಅಲ್ಲಿಯ ಹೊಳೆ, ಅಲ್ಲಿಯ ಫ್ಯಾಕ್ಟರಿ ಮಾತಿನಲ್ಲಿ ಬರಬೇಕು. ರಾಣೆಬೆನ್ನೂರಿಗೆ ಹೋದರೆ ಅಲ್ಲಿಯ ಸಂತೆ ಬರಬೇಕು. ನಾಟಕ ಹಳೆಯದು, ನಗು ಆ ಸಂಜೆಯದು. ಅಶೋಕ ಟಾಕೀಸ್ ಬಳಿ ರೈಲ್ವೆ ಗೇಟು ಬಿದ್ದಾಗ ಸ್ಕೂಟರ್ ಆಫ್ ಮಾಡಿ ಪೋಸ್ಟರ್ ಓದಿದ ತಲೆಮಾರು ಎರಡನೇ ಭಾಗದಿಂದ ನಿರೀಕ್ಷಿಸುವುದೂ ಇಷ್ಟನ್ನೇ. ಸಿಗುವುದು ಮಾತ್ರ ಹೆಚ್ಚಿನ ಸಲ ಅದೇ ರಾಗ, ಅದೇ ಹಾಡು.

ನಿಜವಾದ ಆಟದಲ್ಲಿ ಇದು ತಿರುಗುಮುರುಗು. ಅಲ್ಲಿ ಜನಕ್ಕೆ ಬೇಕಿರುವುದೇ ಅದೇ ರಾಗ. ‘ದಾವಣಗೆರೆ ಎಕ್ಸ್‌ಪ್ರೆಸ್’ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013–14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಟ್ರೋಫಿ ಗೆದ್ದಿತು. ಮರುವರ್ಷ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಎರಡನೇ ಭಾಗ: ವಿನಯ್ ಐದು ವಿಕೆಟ್ ಕಿತ್ತು ಎದುರಾಳಿಯನ್ನು 134ಕ್ಕೆ ಮುಗಿಸಿದರು, ಕರುಣ್ ನಾಯರ್ 328 ಹೊಡೆದರು, ನಾಯಕ ತಾವೂ ಅಜೇಯ 105 ಬಾರಿಸಿದರು. ಇನಿಂಗ್ಸ್ ಮತ್ತು 217 ರನ್‌ಗಳ ಜಯ. ಒಬ್ಬನೂ ‘ಹೋದ ವರ್ಷದ್ದೇ ಕಥೆ’ ಅಂತ ಮೂಗು ಮುರಿಯಲಿಲ್ಲ. ಅದರ ಮುಂದಿನ ವರ್ಷ ತಂಡ ನಾಕೌಟ್ ಹಂತಕ್ಕೇ ಹೋಗಲಿಲ್ಲ. ನಗೆಚಿತ್ರದ ಬರಹಗಾರ ಕೈಹಾಕಬೇಕಾದದ್ದು ಈ ಮೂರನೇ ವರ್ಷಕ್ಕೆ. ಗೆದ್ದವನು ಬೀದಿಯಲ್ಲಿ ಹೋಗುವಾಗ ಟೀ ಅಂಗಡಿಯವನೂ ಬೌಲಿಂಗ್ ಹೇಳಿಕೊಡಲು ಶುರು ಮಾಡುವ ವರ್ಷ ಅದು.

‘ಗುರು ಶಿಷ್ಯರು’ ಚಿತ್ರಕ್ಕೆ ಮುಂದಿನ ಭಾಗ ಬರೆಯುವವರಿಗೆ ಸರಕು ಆಗಲೇ ಬಿದ್ದಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಪುರುಷರು, ಮಹಿಳೆಯರು ಇಬ್ಬರೂ ನೇಪಾಳವನ್ನು ಸೋಲಿಸಿ ಗೆದ್ದರು. ತಂಡಗಳಲ್ಲಿ ನಮ್ಮ ಎಂ.ಕೆ. ಗೌತಮ್, ಬಿ. ಚೈತ್ರಾ ಇದ್ದರು. ಊರಿಗೆ ಬಂದಾಗ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳ ಲೆಕ್ಕದಲ್ಲಿ ಕೊಡುತ್ತಿದೆ ಎಂದು ಇಬ್ಬರೂ ಅದನ್ನು ಒಲ್ಲೆ ಎಂದರು. ನೋವಿನ ಸಂಗತಿ, ಸರಿ. ಆದರೆ ಒಳ್ಳೆಯ ಹಾಸ್ಯ ಬರುವುದು ಇಂಥ ಕಡೆಯಿಂದಲೇ. ಹಾರ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆದವರೆಲ್ಲ ಕಾರು ಹತ್ತಿದ ಮೇಲೆ, ಆ ಹುಡುಗರನ್ನು ಬಸ್ ಸ್ಟ್ಯಾಂಡಿಗೆ ಬಿಡುವುದು ಯಾರು ಎಂದು ಪಿ.ಟಿ. ಮೇಷ್ಟ್ರು ವೇದಿಕೆಯ ಕೆಳಗೆ ನಿಂತು ಆಟೊದವನ ಜತೆ ಚೌಕಾಶಿ ಮಾಡಲಿ. ಎರಡನೇ ಭಾಗ ಅಲ್ಲಿಂದ ಶುರುವಾಗುವುದಾದರೆ ನಾನಂತೂ ಮೊದಲ ದಿನವೇ ಟಿಕೆಟ್ ತಗೊಳ್ಳುತ್ತೇನೆ.