ಬಡ ವಿದ್ಯಾರ್ಥಿಯೂ ವಿದ್ಯಾರ್ಥಿವೇತನವೂ

ನಮ್ಮ ತಾತಂದಿರ ಕಾಲದಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ಮೊದಲು ಏಳು ಮನೆಗಳನ್ನು ಹುಡುಕಿಕೊಳ್ಳಬೇಕಾಗಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಮತ್ತೊಬ್ಬರ ಮನೆ, ಹೀಗೆ ವಾರದ ಏಳು ದಿನಗಳಿಗೂ ಊಟ ಗೊತ್ತಾದ ಮೇಲೆಯೇ ಪಾಠದ ಯೋಚನೆ. ಒಂದು ಮನೆಯವರು ಪರಸ್ಥಳಕ್ಕೆ ಹೋದರೆ ಆ ದಿನ ನೀರು ಕುಡಿದು ಮಲಗಬೇಕು. ಇದಕ್ಕೆ ವಾರಾನ್ನವೆಂದು ಹೆಸರು. ಹೀಗೆ ಅನ್ನವಿಕ್ಕಿದ ತಾಯಂದಿರ ಉಪಕಾರವನ್ನು ನಮ್ಮ ನಾಡು ಮರೆಯುವಂತಿಲ್ಲ. ಆದರೂ ಆ ಪದ್ಧತಿಗೆ ಎರಡು ಕೊರತೆಗಳಿದ್ದುವು. ಅದು ಬಹುಮಟ್ಟಿಗೆ ಜಾತಿಯ ಎಲ್ಲೆಯೊಳಗೇ ನಡೆಯುತ್ತಿತ್ತು. ಎಲ್ಲ ಜಾತಿಯ ಮಕ್ಕಳಿಗೂ ಆ ಏಳು ಬಾಗಿಲುಗಳು ತೆರೆಯುತ್ತಿರಲಿಲ್ಲ. ಎರಡನೆಯದಾಗಿ, ಅದು ಕೊಡುವವರ ಮನಸ್ಸನ್ನು ಅವಲಂಬಿಸಿತ್ತೇ ಹೊರತು, ಪಡೆಯುವವನಿಗೆ ಕೇಳುವ ಹಕ್ಕಿರಲಿಲ್ಲ.

ಸರ್ಕಾರದ ಬೊಕ್ಕಸದಿಂದ ಬರುವ ವಿದ್ಯಾರ್ಥಿವೇತನವು ಈ ಕೊರತೆಗಳನ್ನು ಮೆಲ್ಲಮೆಲ್ಲನೆ ತುಂಬುತ್ತ ಬಂದಿತು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಜೀವನ ಸಾಗಿಸುತ್ತ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದಲೇ ಅವರು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಎಂಜಿನಿಯರಾಗುವುದು ಸಾಧ್ಯವಾಯಿತು. ಆ ವೇತನವನ್ನು ಪಡೆದವರು 1912ರಲ್ಲಿ ಅದೇ ಸಂಸ್ಥಾನದ ದಿವಾನರಾದರು. ಅವರ ದಿವಾನಗಿರಿಯಲ್ಲಿಯೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಬಿತ್ತಿದ ಬೀಜಕ್ಕೆ ಇದಕ್ಕಿಂತ ಹೆಚ್ಚಿನ ಬೆಳೆ ಬೇಕೆ? ಮುಂದೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹಿಂದುಳಿದ ವರ್ಗಗಳ ಮಕ್ಕಳಿಗೆ ವಿದ್ಯಾರ್ಥಿವೇತನಾದಿ ಸೌಕರ್ಯಗಳನ್ನು ಹೆಚ್ಚಿಸಬೇಕೆಂಬುದು ಆ ಸಮಿತಿಯ ಸಲಹೆಗಳಲ್ಲಿ ಒಂದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವ್ಯಾಸಂಗಕ್ಕಾಗಿ ಭಾರತ ಸರ್ಕಾರವು ಕೊಡುವ ವೇತನವು 1944ರಿಂದ ನಡೆದುಬಂದಿದೆ. ಹೀಗೆ ದಯೆಯಾಗಿದ್ದುದು ಹಕ್ಕಾಯಿತು.

ಹಕ್ಕೇನೋ ಆಯಿತು. ಆದರೆ ಹಕ್ಕು ತಾನಾಗಿಯೇ ಮನೆಯ ಬಾಗಿಲಿಗೆ ಬರುವುದೆ? ಈ ಪ್ರಶ್ನೆಗೆ ಉತ್ತರವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಿರಿಯೂರು ತಾಲ್ಲೂಕಿನ ಆದಿವಾಲದಿಂದ ಬಂದು ನನ್ನ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗನಿಂದ ಕಲಿತೆ.

ಆತನ ತಂದೆಗೆ ಸ್ವಲ್ಪ ಖುಷ್ಕಿ ಜಮೀನು. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಕೂಲಿ. ಹುಡುಗನು ಮೊದಲನೆಯ ವರ್ಷವೇ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದನು. ಜೊತೆಯವರಿಗೆಲ್ಲ ಹಣ ಬಂದಿತು, ಈತನಿಗೆ ಬರಲಿಲ್ಲ. ಎರಡನೆಯ ವರ್ಷದ ನಡುವೆ ಮೂರು ವಾರ ಆತನು ತರಗತಿಗೆ ಬರಲಿಲ್ಲ. ನಾನು ದಿನವೂ ಹಾಜರಿ ಕರೆದು, ಆತನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುತ್ತ ಹೋದೆನೇ ಹೊರತು, ಏಕೆ ಬರಲಿಲ್ಲವೆಂದು ಒಬ್ಬರನ್ನೂ ಕೇಳಲಿಲ್ಲ. ಕೊನೆಗೆ ಆತನು ವರ್ಗಾವಣೆ ಪತ್ರವನ್ನು ಕೇಳಲು ಬಂದಾಗ ಸಂಗತಿ ಹೊರಬಿದ್ದಿತು. ಶುಲ್ಕಕ್ಕೆಂದು ತಂದೆ ಮಾಡಿದ್ದ ಕೈಗಡ ತೀರಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ನೋಡಿಕೊಂಡಿದ್ದನು. “ನನಗೆ ಮಂಜೂರಾಗಲಿಲ್ಲ ಸಾರ್” ಎಂದನು. ಮಂಜೂರಾಗಲಿಲ್ಲವೆಂದು ಯಾರು ಹೇಳಿದರೆಂದು ಕೇಳಿದೆ. ಯಾರೂ ಹೇಳಿರಲಿಲ್ಲ. ಆತನೂ ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಹಣಕ್ಕಾಗಿ ಪೀಡಿಸುತ್ತಾನೆಂದು ತಿಳಿದಾರು ಎಂಬ ಸಂಕೋಚ.

ನಾವಿಬ್ಬರೂ ಕುಳಿತು ಅರ್ಜಿಯ ಸ್ಥಿತಿಯನ್ನು ನೋಡಿದೆವು. ಹಣವು ಮಂಜೂರಾಗಿ ತಿಂಗಳುಗಳೇ ಆಗಿದ್ದುವು. ಹೋಗಿ ಸೇರಿದ್ದುದು ಆತನು ಮರೆತೇಬಿಟ್ಟಿದ್ದ ಇನ್ನೊಂದು ಬ್ಯಾಂಕಿನ ಖಾತೆಗೆ! ತನ್ನ ಹಣ ತನ್ನ ಹೆಸರಿನಲ್ಲಿಯೇ ಬಿದ್ದಿರಲು, ಆ ಹಣವಿಲ್ಲವೆಂದು ಹುಡುಗನು ಓದನ್ನು ಬಿಡಲು ಹೊರಟಿದ್ದನು.

ಹಿರಿಯೂರಿನ ಕಡೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ವಾಣಿವಿಲಾಸಸಾಗರವು ಅವರ ಕಣ್ಣೆದುರಿಗಿದೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಮತ್ತೆ ಕೋಡಿ ಬಿದ್ದುದು 89 ವರ್ಷಗಳ ಮೇಲೆ, 2022ರಲ್ಲಿ. ಆದರೆ ಕಣಿವೆ ತುಂಬಿದ ಮಾತ್ರಕ್ಕೆ ಹೊಲ ನೆನೆಯುವುದಿಲ್ಲ. ನಾಲೆ ಇರಬೇಕು, ನಾಲೆಯ ತೂಬುಗಳು ಒಂದೊಂದಾಗಿ ತೆರೆಯಬೇಕು, ಎಲ್ಲಿಯಾದರೂ ಒಂದು ತೂಬು ಮುಚ್ಚಿದ್ದರೆ ನೀರು ಅಲ್ಲಿಯೇ ನಿಲ್ಲುತ್ತದೆ. ವಿದ್ಯಾರ್ಥಿವೇತನವೂ ಹೀಗೆಯೇ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನವೊಂದಕ್ಕೇ 5 ವರ್ಷಗಳಿಗೆ 59,048 ಕೋಟಿ ರೂಪಾಯಿಗಳ ಯೋಜನೆಗೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತಿತು. ಅದರಲ್ಲಿ ನೂರಕ್ಕೆ 60 ಪಾಲು ಕೇಂದ್ರದ್ದು. ಜಲಾಶಯವು ದೊಡ್ಡದೇ. ವಿದ್ಯಾರ್ಥಿಯು ತಿಳಿಯಬೇಕಾದುದು ತೂಬುಗಳ ಸಂಗತಿ.

ಮೊದಲನೆಯ ತೂಬು ತಹಸೀಲ್ದಾರರ ಯೋಗ್ಯತಾಪತ್ರ. ಜಾತಿ ಮತ್ತು ಆದಾಯದ ಪತ್ರಗಳು ನಾಡಕಚೇರಿಯಲ್ಲಿ ದೊರೆಯುತ್ತವೆ. ಪ್ರತಿಯೊಂದು ಪತ್ರದ ಮೇಲೂ ಒಂದು ಸಂಖ್ಯೆಯಿರುತ್ತದೆ. ಅರ್ಜಿಯಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ಪತ್ರದ ವಿವರವು ತಾನಾಗಿ ಬರುತ್ತದೆ. ಆದಾಯಪತ್ರಕ್ಕೆ ನಮ್ಮ ರಾಜ್ಯದಲ್ಲಿ 5 ವರ್ಷಗಳ ಆಯುಸ್ಸು. ಪಿ.ಯು. ತರಗತಿಗೆ ಸೇರುವಾಗ ಮಾಡಿಸಿದ ಪತ್ರವು ಪದವಿಯ ಕೊನೆಯ ವರ್ಷಕ್ಕೆ ಸರಿಯಾಗಿ ಮುಗಿಯುವುದೆಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಮೆ. ಅವಧಿಯನ್ನು ಮೊದಲೇ ನೋಡಿಕೊಂಡು, ಅರ್ಜಿಯ ಗಡುವಿಗೆ ಎರಡು ತಿಂಗಳ ಮುಂಚೆಯೇ ಹೊಸ ಪತ್ರವನ್ನು ಮಾಡಿಸಿಕೊಳ್ಳುವುದು ಲೇಸು.

ಎರಡನೆಯ ತೂಬು ಹೆಸರು. ನಮ್ಮಲ್ಲಿ ಹೆಸರನ್ನು ಬರೆಯುವ ಕ್ರಮವೇ ಹಲವು ಬಗೆ. ಒಂದು ಕಡೆ ಇನಿಷಿಯಲ್ ಮೊದಲು, ಇನ್ನೊಂದು ಕಡೆ ಕೊನೆಗೆ. ಒಂದರಲ್ಲಿ ತಂದೆಯ ಹೆಸರು ಪೂರ್ತಿಯಾಗಿ, ಮತ್ತೊಂದರಲ್ಲಿ ಒಂದೇ ಅಕ್ಷರವಾಗಿ. ಮನುಷ್ಯನ ಕಣ್ಣಿಗೆ ಇವೆಲ್ಲ ಒಬ್ಬನೇ ಹುಡುಗನ ಹೆಸರುಗಳು. ಯಂತ್ರದ ಕಣ್ಣಿಗೆ ಬೇರೆ ಬೇರೆ ಹುಡುಗರು. ಆದುದರಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಆಧಾರ್, ಯೋಗ್ಯತಾಪತ್ರ, ಕಾಲೇಜಿನ ದಾಖಲೆ ಇವುಗಳನ್ನು ಒಂದು ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಸರು, ಹುಟ್ಟಿದ ತಾರೀಖು, ತಂದೆಯ ಹೆಸರು ಈ ಮೂರನ್ನೂ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಅಂಕಪಟ್ಟಿಯನ್ನು ತಿದ್ದಿಸುವುದು ಕಷ್ಟ. ಅದಕ್ಕೆ ಹೊಂದುವಂತೆ ಉಳಿದವನ್ನು ತಿದ್ದಿಸಿಕೊಳ್ಳುವುದು ಸುಲಭ. ಆಧಾರಿಗೆ ಸೇರಿಸಿದ ಮೊಬೈಲ್ ಸಂಖ್ಯೆಯು ಈಗಲೂ ಮನೆಯಲ್ಲಿ ಬಳಕೆಯಲ್ಲಿರಬೇಕು. ಗುಪ್ತಸಂಖ್ಯೆಯು ಬರುವುದು ಅದಕ್ಕೇ.

ಮೂರನೆಯದು ಅರ್ಜಿ. ರಾಜ್ಯದ ಇಲಾಖೆಗಳ ಬಹುಪಾಲು ವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿಯೂ, ಕೇಂದ್ರದ ಹಲವಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿಯೂ ಅರ್ಜಿ ಸಲ್ಲಿಸಬೇಕು. ಯಾವುದಕ್ಕೆ ತಾನು ಅರ್ಹನೆಂಬುದನ್ನು ಮೊದಲು ತಿಳಿಯಬೇಕು. ಜಾತಿ, ವರಮಾನಗಳನ್ನು ನೋಡಿ ಕೊಡುವ ವೇತನಗಳಿವೆ. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದ ಮಕ್ಕಳ ಊಟ ವಸತಿಗೆಂದು 2013-14ರಲ್ಲಿ ವಿದ್ಯಾಸಿರಿ ಎಂಬ ಯೋಜನೆ ಪ್ರಾರಂಭವಾಯಿತು. ಆಗ ನಿಗದಿಯಾದ ಮೊಬಲಗು ವರ್ಷಕ್ಕೆ 10 ತಿಂಗಳ ಕಾಲ, ತಿಂಗಳಿಗೆ 1,500 ರೂಪಾಯಿ. ಅಂದಿನ ವಾರಾನ್ನದ ಸ್ಥಾನದಲ್ಲಿ ಇಂದು ನಿಂತಿರುವುದು ಇಂಥದೇ. ರೈತರ ಮಕ್ಕಳಿಗೆಂದು 2021ರಲ್ಲಿ ಪ್ರಾರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ತರಗತಿಗಳ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ಗೊತ್ತುಮಾಡಿದರು. ಮೊಬಲಗು, ವರಮಾನದ ಮಿತಿ, ಗಡುವು ಇವು ವರ್ಷವರ್ಷಕ್ಕೆ ಬದಲಾಗಬಹುದು. ಆಯಾ ವರ್ಷದ ಆದೇಶವನ್ನೇ ಓದತಕ್ಕದ್ದು. ಒಂದೇ ಉದ್ದೇಶಕ್ಕೆ ಎರಡು ವೇತನಗಳನ್ನು ಪಡೆಯಬಹುದೇ ಬಾರದೇ ಎಂಬುದೂ ಅದರಲ್ಲಿಯೇ ಇರುತ್ತದೆ. ಅರ್ಜಿಯನ್ನು ಸೈಬರ್ ಕೇಂದ್ರದವರಿಂದ ತುಂಬಿಸಿದರೂ, ಕೊನೆಯ ಗುಂಡಿಯನ್ನು ಒತ್ತುವ ಮುನ್ನ ವಿದ್ಯಾರ್ಥಿಯೇ ಒಮ್ಮೆ ಓದಬೇಕು. ಸ್ವೀಕೃತಿಯ ಸಂಖ್ಯೆಯನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

ನಾಲ್ಕನೆಯದು ಕಾಲೇಜಿನ ಪರಿಶೀಲನೆ. ಅರ್ಜಿಯನ್ನು ಸಲ್ಲಿಸಿದೊಡನೆ ಕೆಲಸ ಮುಗಿಯಿತೆಂಬುದು ಸಾಮಾನ್ಯವಾದ ಭ್ರಮೆ. ಈ ಹುಡುಗನು ನಮ್ಮಲ್ಲಿ ಈ ತರಗತಿಯಲ್ಲಿ ಓದುತ್ತಿರುವುದು ನಿಜ, ಶುಲ್ಕ ಇಷ್ಟು ಎಂದು ಕಾಲೇಜಿನವರು ದೃಢೀಕರಿಸಿದ ಮೇಲೆ ಅದು ಇಲಾಖೆಗೆ ಹೋಗುತ್ತದೆ. ಆದುದರಿಂದ ಹದಿನೈದು ದಿನಕ್ಕೊಮ್ಮೆ ಅರ್ಜಿಯ ಸ್ಥಿತಿಯನ್ನು ನೋಡುತ್ತಿರಬೇಕು. ಹಿಂದಿರುಗಿಸಿದ್ದರೆ ಕಾರಣವನ್ನು ತಿಳಿದು ಗಡುವಿನೊಳಗೆ ಸರಿಪಡಿಸಬೇಕು.

ಕೊನೆಯ ತೂಬೇ ಆದಿವಾಲದ ಹುಡುಗನ ವಿಷಯದಲ್ಲಿ ಎಲ್ಲರ ಕಣ್ಣನ್ನೂ ತಪ್ಪಿಸಿದ್ದು. ಈಗ ಹಣವು ಚೆಕ್ಕಿನ ರೂಪದಲ್ಲಿ ಕೈಗೆ ಬರುವುದಿಲ್ಲ. ಆಧಾರ್ ಸಂಖ್ಯೆಯನ್ನು ಹಿಡಿದು ಖಾತೆಗೆ ಬರುತ್ತದೆ. ಒಬ್ಬನಿಗೆ ಮೂರು ಖಾತೆಗಳಿರಬಹುದು. ಮೂರು ಬ್ಯಾಂಕಿನವರೂ ಆಧಾರಿನ ಪ್ರತಿಯನ್ನು ಪಡೆದಿರಬಹುದು. ಆದರೆ ಸರ್ಕಾರದ ಹಣವನ್ನು ಸ್ವೀಕರಿಸುವ ಖಾತೆ ಯಾವ ಬ್ಯಾಂಕಿನದೆಂದು ಬರೆದಿಡುವ ದೇಶಕ್ಕೆಲ್ಲ ಒಂದೇ ಆದ ಪಟ್ಟಿಯಲ್ಲಿ ಒಂದು ಸಂಖ್ಯೆಗೆ ಒಂದೇ ಬ್ಯಾಂಕು. ಸಾಮಾನ್ಯವಾಗಿ ಎಲ್ಲಕ್ಕಿಂತ ಈಚೆಗೆ ಆ ಪಟ್ಟಿಗೆ ಸೇರಿಸಿದ ಬ್ಯಾಂಕೇ ಅಲ್ಲಿ ನಿಲ್ಲುತ್ತದೆ. ಯಾವ ಪಾಸುಪುಸ್ತಕವು ಕೈಯಲ್ಲಿದೆಯೋ ಅದಕ್ಕೇ ಹಣ ಬರುವುದೆಂಬ ನಂಬಿಕೆ ಸಲ್ಲದು. ಬ್ಯಾಂಕಿಗೆ ಹೋಗಿ, “ನೇರ ನಗದು ವರ್ಗಾವಣೆಗೆ ನನ್ನ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ?” ಎಂದು ಈ ಮಾತಿನಲ್ಲಿಯೇ ಕೇಳಬೇಕು. ಬಹುಕಾಲ ವ್ಯವಹಾರವಿಲ್ಲದೆ ಖಾತೆ ನಿಂತುಹೋಗಿದ್ದರೆ ಅದನ್ನು ಮತ್ತೆ ಚಾಲ್ತಿಗೆ ತರಿಸಬೇಕು.

ಹಣ ಬಂದ ಮೇಲೆಯೂ ಎಚ್ಚರ ಬೇಕು. ವೇತನಕ್ಕೆ ಅವಧಿಯೂ ಷರತ್ತುಗಳೂ ಉಂಟು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11½ ಪೌಂಡಿನಂತೆ 3 ವರ್ಷಗಳಿಗೆ ಕೊಟ್ಟ ವಿದ್ಯಾರ್ಥಿವೇತನದಿಂದಲೇ ಅಂಬೇಡ್ಕರರು 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ವೇತನದ ಅವಧಿ ತೀರಿದುದರಿಂದ ಅಂಥವರೂ 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ನಡುವೆಯೇ ಬಿಟ್ಟು ಹಿಂದಿರುಗಬೇಕಾಯಿತು. 1920ರಲ್ಲಿ ಮತ್ತೆ ಹೋಗಿ ಅದನ್ನು ಪೂರೈಸಿದರು. ನಮ್ಮ ವಿದ್ಯಾರ್ಥಿಗಳಿಗೆ ಅಷ್ಟು ದೂರದ ಮಾತು ಬೇಡ. ಹಾಜರಿ ಕಡಮೆಯಾದರೆ, ಒಂದು ವರ್ಷ ಅನುತ್ತೀರ್ಣನಾದರೆ, ಮುಂದಿನ ವರ್ಷದ ವೇತನಕ್ಕೆ ಧಕ್ಕೆ ಬರಬಹುದು. ಹಣವಿಲ್ಲವೆಂದು ಕೂಲಿಗೆ ಹೋದ ಹುಡುಗನು ಹಾಜರಿಯನ್ನು ಕಳೆದುಕೊಂಡು, ಹಾಜರಿ ಇಲ್ಲದ್ದರಿಂದ ಹಣವನ್ನು ಕಳೆದುಕೊಳ್ಳುವ ಈ ಸುತ್ತು ಬಹಳ ಕ್ರೂರವಾದುದು.

ವೇತನ ಸಾಲದೆ ಬಂದಾಗ ಬ್ಯಾಂಕಿನ ಸಾಲವೂ ಒಂದು ದಾರಿ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮೀ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಓದುವವರಿಗೆ ಆಸ್ತಿಯ ಆಧಾರವಿಲ್ಲದೆ ಸಾಲ ದೊರೆಯುತ್ತದೆ. ವಾರ್ಷಿಕ ವರಮಾನ 8 ಲಕ್ಷದವರೆಗಿನ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಬಡ್ಡಿಯಲ್ಲಿ ನೂರಕ್ಕೆ 3ರ ರಿಯಾಯಿತಿಯನ್ನು ಗೊತ್ತುಮಾಡಿದ್ದಾರೆ. ಆದರೆ ಸಾಲವು ವೇತನವಲ್ಲ. ಓದುವ ಕಾಲದಲ್ಲಿ ಕಂತು ಕಟ್ಟದಿದ್ದರೂ ಬಡ್ಡಿ ನಡೆಯುತ್ತಲೇ ಇರುತ್ತದೆ. ಲಕ್ಷ ರೂಪಾಯಿಗೆ ನೂರಕ್ಕೆ 9ರಂತೆ 4 ವರ್ಷಕ್ಕೆ ಸರಳ ಬಡ್ಡಿಯೇ 36,000 ರೂಪಾಯಿ. ಈ ಲೆಕ್ಕವನ್ನು ರುಜು ಹಾಕುವ ಮುಂಚೆ ಮಾಡಬೇಕು. ಹಾಗಿದ್ದರೂ ಊರಿನ ಕೈಗಡಕ್ಕಿಂತ ಇದು ಎಷ್ಟೋ ಮೇಲು.

ಇಷ್ಟನ್ನು ವಿದ್ಯಾರ್ಥಿಗಳಿಗೆ ಹೇಳಿದಂತಾಯಿತು. ಆದರೆ ಈ ಮಾತನ್ನು ಕೇಳುತ್ತಿರುವವರಲ್ಲಿ ಹೆಚ್ಚಿನವರು ಪಟ್ಟಣದ ವಿದ್ಯಾವಂತರು. ಅರ್ಜಿ ತುಂಬುವುದು ತಮಗೆ ಭಯದ ಕೆಲಸವಲ್ಲ. ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಮನೆತನದ ಹುಡುಗನಿಗೆ ಹಾಗಲ್ಲ. ಕಾಗದವು ತಪ್ಪಿದರೆ ತನ್ನ ಯೋಗ್ಯತೆಯೇ ತಪ್ಪಿತೆಂದು ಆತನು ಭಾವಿಸುತ್ತಾನೆ. ಹಣ ಬರದಿದ್ದರೆ ತನಗೆ ಸಲ್ಲಲಿಲ್ಲವೆಂದು ಸುಮ್ಮನಾಗುತ್ತಾನೆ. ಬಡತನಕ್ಕಿಂತ ಈ ಮೌನವೇ ಹೆಚ್ಚು ಮಕ್ಕಳನ್ನು ಓದಿನಿಂದ ಬಿಡಿಸುತ್ತದೆಯೋ ಏನೋ ಎಂದು ನನಗೆ ಈಗ ತೋರುತ್ತದೆ. ಅದನ್ನು ಮುರಿಯಬೇಕಾದವರು ಮೊದಲು ಮಾತನಾಡಬಲ್ಲ ನಾವು. ಹಾಜರಿ ಪುಸ್ತಕದಲ್ಲಿ ಮೂರು ದಿನ ಒಂದೇ ಹೆಸರು ತಪ್ಪಿದರೆ ಏಕೆಂದು ವಿಚಾರಿಸುವ ಅಭ್ಯಾಸವನ್ನು ನಾನು ಅಂದಿನಿಂದ ಮಾಡಿಕೊಂಡೆ.

ಆ ಹುಡುಗನು ವರ್ಗಾವಣೆ ಪತ್ರವನ್ನು ಪಡೆಯಲಿಲ್ಲ, ಪದವಿಯನ್ನು ಮುಗಿಸಿದನು. ಈಗ ಪ್ರತಿವರ್ಷ ಅರ್ಜಿಯ ಕಾಲದಲ್ಲಿ ತನ್ನೂರಿನ ಕಿರಿಯರನ್ನು ಕೂರಿಸಿಕೊಂಡು ಅವರ ಕಾಗದಗಳನ್ನು ಹೋಲಿಸಿ ನೋಡುತ್ತಾನೆ. ಹಿಂದೆ ವಾರಾನ್ನವಿಕ್ಕುತ್ತಿದ್ದ ಮನೆಗಳವರು ವಾರಕ್ಕೊಂದು ದಿನ ಒಂದು ಎಲೆಯನ್ನು ಹೆಚ್ಚಾಗಿ ಹಾಕುತ್ತಿದ್ದರು. ಇಂದು ಅನ್ನದ ಹೊಣೆಯನ್ನು ಬೊಕ್ಕಸವು ಹೊತ್ತಿದೆ. ನಮ್ಮಿಂದ ಬೇಕಾದುದು ವರ್ಷಕ್ಕೊಂದು ಸಂಜೆ, ಪಕ್ಕದಲ್ಲೊಂದು ಕುರ್ಚಿ, ಮತ್ತು “ನಿನ್ನ ಅರ್ಜಿ ಏನಾಯಿತಪ್ಪ?” ಎಂಬ ಒಂದು ಮಾತು.