ಸ್ಟೆಪ್ನಿಯ ಮೇಲೊಂದು ಸಂಸಾರ

2013ರ ಡಿಸೆಂಬರ್ ಕೊನೆಯ ವಾರ, ಬೆಳಗಿನ ಜಾವ ನಾಲ್ಕೂವರೆ. ಜಯನಗರದ ನಮ್ಮ ಬಾಡಿಗೆ ಮನೆಯ ಮುಂದೆ ನಿಂತಿದ್ದ 2006ರ ಹಳೇ ಸ್ಯಾಂಟ್ರೋ ಕಾರಿನಲ್ಲಿ ಇಬ್ಬರು ಕೂರಲು ಬಿಟ್ಟರೆ ಬೆರಳಿಡಲೂ ಜಾಗವಿರಲಿಲ್ಲ. ಹಿಂದಿನ ಸೀಟಿನಲ್ಲಿ ಪುಸ್ತಕದ ಪೆಟ್ಟಿಗೆಗಳು, ಹಾಸಿಗೆ, ಕಂಬಳಿ. ಡಿಕ್ಕಿಯಲ್ಲಿ ಗ್ರೈಂಡರ್, ದೋಸೆ ಕಾವಲಿ, ಕುಕ್ಕರ್, ಮಾವಿನಮಿಡಿ ಉಪ್ಪಿನಕಾಯಿಯ ಭರಣಿ, ಆರು ಕೆ.ಜಿ. ಸಾರಿನ ಪುಡಿ. ನನ್ನ ಕಾಲ ಬಳಿ ತುಳಸಿ ಕುಂಡ. ಮದುವೆಯಾಗಿ ಹತ್ತು ತಿಂಗಳಾಗಿತ್ತು. ನಮ್ಮ ಸಂಸಾರವೆಂದರೆ ಅಷ್ಟೇ. ಅದನ್ನೆಲ್ಲ ಹೊತ್ತುಕೊಂಡು ನಾವು ನೋಯ್ಡಾಕ್ಕೆ ಹೊರಟಿದ್ದೆವು.

ಹೊರಟಿದ್ದು ನನ್ನ ಕೆಲಸಕ್ಕಾಗಿ. ಕಂಪನಿ ನನಗೆ ಬಡ್ತಿ ಕೊಟ್ಟು ನೋಯ್ಡಾದ ಸೆಕ್ಟರ್ 62ಕ್ಕೆ ವರ್ಗ ಮಾಡಿತ್ತು. ನನ್ನ ಗಂಡ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಉಪನ್ಯಾಸಕ. ಒಂದು ವಾರ ಯೋಚಿಸಿ ರಾಜೀನಾಮೆ ಬರೆದುಕೊಟ್ಟ. ಅಲ್ಲಿ ಅವನಿಗೆ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಮೈಸೂರಿನಲ್ಲಿದ್ದ ಅತ್ತೆಗೆ ಇದು ಸಹಿಸಲಾಗಲಿಲ್ಲ. "ಗಂಡನ ಕೆಲಸಕ್ಕೆ ಹೆಂಡತಿ ಊರು ಬಿಡೋದು ಕೇಳಿದೀನಿ. ಹೆಂಡತಿ ಕೆಲಸಕ್ಕೆ ಗಂಡ ಊರು ಬಿಡೋದು ನಮ್ಮ ಕಡೆ ಎಲ್ಲೂ ಇಲ್ಲ ಕಣೋ" ಅಂದಿದ್ದರು. ನನ್ನ ಹತ್ತಿರ ಏನೂ ಅನ್ನಲಿಲ್ಲ. ಹಾಗೆ ಅನ್ನದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಆದರೂ ಬೀಳ್ಕೊಡಲು ಬಂದಿದ್ದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನು ಮಗನ ಕೈಗೆ ಕೊಟ್ಟು, "ಜೋಪಾನ" ಅಂದು ಒಳಗೆ ಹೋದರು.

ಆಗ ನಾವು ಹಿಡಿದದ್ದು ಕನ್ಯಾಕುಮಾರಿಯಿಂದ ವಾರಾಣಸಿಗೆ ಹೋಗುವ ಹಳೆಯ ಎನ್.ಎಚ್. 7. ಮರುಸಂಖ್ಯೆಯಾದ ಮೇಲೆ ನಮ್ಮ ದಾರಿಯ ಬಹುಭಾಗ ಶ್ರೀನಗರ–ಕನ್ಯಾಕುಮಾರಿಯ ಎನ್.ಎಚ್. 44ರಲ್ಲಿ ಸೇರಿದೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,100 ಕಿ.ಮೀ. ದೊಡ್ಡ ನದಿಗಳನ್ನಷ್ಟೇ ಎಣಿಸಿದರೂ ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲ್ ಹತ್ತಿರ ಗೋದಾವರಿ, ಆಮೇಲೆ ಪೈನಗಂಗಾ, ನರ್ಮದೆ, ಚಂಬಲ್, ಯಮುನೆ ಎದುರಾಗುತ್ತವೆ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಕಂಡಾಗ ಕನ್ನಡದ ಬೋರ್ಡುಗಳು ಮುಗಿದವು. ತೆಲಂಗಾಣ ಇನ್ನೂ ಹುಟ್ಟಿರಲಿಲ್ಲ. ಅಲ್ಲಿಂದ ಪೈನಗಂಗೆಯ ಸೇತುವೆಯವರೆಗೆ ಎಲ್ಲವೂ ಒಂದೇ ಆಂಧ್ರ.

ಮೊದಲ ದಿನ ನನ್ನ ಗಂಡ ಹೆಚ್ಚು ಮಾತಾಡಲಿಲ್ಲ. ಎರಡು ಗಂಟೆ ಅವನು, ಎರಡು ಗಂಟೆ ನಾನು ಎಂದು ಪಾಳಿಯಲ್ಲಿ ಓಡಿಸುತ್ತಿದ್ದೆವು. "ಬೇಜಾರಾ?" ಅಂದರೆ "ಇಲ್ಲ, ರಸ್ತೆ ನೋಡ್ತಿದೀನಿ" ಅನ್ನುತ್ತಿದ್ದ. ರಾತ್ರಿ ಹೈದರಾಬಾದಿನ ಕಾಚಿಗುಡದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಕರ್ನಾಟಕ ಸಾಹಿತ್ಯ ಮಂದಿರ ಇರುವುದೂ ಕಾಚಿಗುಡದಲ್ಲೇ. ಚಿಕ್ಕಪ್ಪ ಊಟಕ್ಕೆ ಕೂತಾಗ, "ಅಲ್ಲಿ ನಿಂದೇನಪ್ಪಾ ಕೆಲಸ?" ಅಂತ ಸಹಜವಾಗಿಯೇ ಕೇಳಿದರು. ಇವನು "ಒಂದೆರಡು ಕಡೆ ಮಾತುಕತೆ ನಡೀತಿದೆ" ಅಂದ. ಎಲ್ಲಿಯೂ ಮಾತುಕತೆ ನಡೆಯುತ್ತಿರಲಿಲ್ಲ. ನಾನು ತಟ್ಟೆ ನೋಡಿಕೊಂಡು ಊಟ ಮಾಡಿದೆ. ಮಾರನೆಯ ದಿನ ಆದಿಲಾಬಾದ್, ಹಿಂಗಣಘಾಟ್ ದಾಟಿ ನಾಗಪುರ ಸೇರುವವರೆಗೂ ಆ ಸುಳ್ಳು ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ಕೂತಿತ್ತು.

ಮೂರನೆಯ ದಿನದ ಕಥೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾಗಪುರದಿಂದ ಸಿವನಿಗೆ ಹೋಗುವ ದಾರಿ ಪೇಂಚ್ ಹುಲಿ ಕಾಡನ್ನು ಹಾದುಹೋಗುತ್ತದೆ. ಮೊಗ್ಲಿಯ ಕಾಡು ಎಂದು ಹೆಸರಾದ ಸೀಮೆ. ಬೆಂಗಳೂರಿನಿಂದ ಅಲ್ಲಿಯವರೆಗೆ ಚತುಷ್ಪಥ, ಇಲ್ಲಿ ಮಾತ್ರ ಎರಡೇ ಲೇನ್. ಹುಲಿಗಳು ಓಡಾಡುವ ಜಾಗವೆಂದು ರಸ್ತೆ ಅಗಲೀಕರಣ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತ್ತು. ರಸ್ತೆಗಿಂತ ಗುಂಡಿಯೇ ಹೆಚ್ಚು. ಖವಾಸಾ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಡೆ ಹಿಂದಿನ ಟೈರು ಪಂಕ್ಚರ್.

ಸ್ಟೆಪ್ನಿ ಎಲ್ಲಿದೆ? ಡಿಕ್ಕಿಯ ತಳದಲ್ಲಿ. ಅದರ ಮೇಲೆ ನಮ್ಮ ಇಡೀ ಸಂಸಾರ! ಫೋನಿಗೆ ಸಿಗ್ನಲ್ ಇಲ್ಲ. ಒಂದೊಂದೇ ಸಾಮಾನು ಇಳಿಸಿ ರಸ್ತೆ ಬದಿಯಲ್ಲಿ ಸಾಲಾಗಿಟ್ಟೆವು. ಗ್ರೈಂಡರ್, ಕಾವಲಿ, ಕುಕ್ಕರ್, ಭರಣಿ. ಮರದ ಮೇಲಿದ್ದ ಮುಸುವಗಳು ಒಂದೊಂದಾಗಿ ಇಳಿದು ಬಂದವು. ನಾನು ದೋಸೆ ಕಾವಲಿ ಹಿಡಿದುಕೊಂಡು ಸಾರಿನ ಪುಡಿಗೆ ಕಾವಲು ನಿಂತೆ. ಇವನು ಜಾಕ್ ಏರಿಸಿದ. ನಟ್ಟುಗಳು ತುಕ್ಕು ಹಿಡಿದು ಅಲುಗಾಡಲೇ ಇಲ್ಲ.

ಅಷ್ಟರಲ್ಲಿ ತಮಿಳುನಾಡಿನ ನೋಂದಣಿಯ ಲಾರಿಯೊಂದು ನಮ್ಮನ್ನು ದಾಟಿ ಮುಂದೆ ಹೋಗಿ ನಿಂತಿತು. ಐವತ್ತರ ಆಸುಪಾಸಿನ ಡ್ರೈವರ್ ಇಳಿದು ಬಂದು ಗ್ರೈಂಡರ್ ನೋಡಿ ನಕ್ಕರು. "ಬೆಂಗಳೂರಾ? ಮಿಕ್ಸಿ ಇದ್ದರೆ ನಿಲ್ಲಿಸ್ತಿರಲಿಲ್ಲ" ಅಂದರು. ನಾಮಕ್ಕಲ್ ಕಡೆಯವರು. ಲೋಡು ಹೊತ್ತು ಯಶವಂತಪುರಕ್ಕೆ ಬಂದು ಬಂದು ಕನ್ನಡ ಕಲಿತಿದ್ದರಂತೆ. ಲಾರಿಯಿಂದ ಉದ್ದದ ಕಬ್ಬಿಣದ ಪೈಪು ತಂದು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿ, "ಸಾರ್, ಇದರ ಮೇಲೆ ನಿಂತ್ಕೊಳಿ" ಅಂದರು. ಇವನು ನಿಂತ. ನಟ್ಟು ಕಿರ್ ಎಂದು ಸಡಿಲವಾಯಿತು.

ಟೈರು ಬದಲಾಯಿಸುತ್ತಾ ಅವರೂ ಅದೇ ಪ್ರಶ್ನೆ ಕೇಳಿದರು: "ಡೆಲ್ಲಿಯಲ್ಲಿ ಸಾರ್‌ಗೆ ಏನು ಡ್ಯೂಟಿ?"

ನಾನು ಉಸಿರು ಬಿಗಿಹಿಡಿದೆ. ಇವನು ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತಾ, "ಡ್ಯೂಟಿ ಇವಳಿಗೆ. ನನಗೆ ಇನ್ನೂ ಸಿಕ್ಕಿಲ್ಲ. ಜೊತೆಗೆ ಹೋಗ್ತಿದೀನಿ" ಅಂದ.

ಡ್ರೈವರ್ ತಲೆಯೆತ್ತಿ ನನ್ನನ್ನೂ ಅವನನ್ನೂ ನೋಡಿದರು. "ಒಳ್ಳೇದು. ನಾನು ನಲವತ್ತು ದಿನಕ್ಕೊಂದು ಸಲ ಮನೆಗೆ ಹೋಗ್ತೀನಿ. ಮಗಳು ನಡೆಯೋದು ಕಲಿತದ್ದನ್ನ ಫೋನಲ್ಲಿ ಕೇಳಿದೆ" ಅಂದು ಮತ್ತೆ ನಟ್ಟು ಬಿಗಿಯತೊಡಗಿದರು. ಹಣ ಕೊಟ್ಟರೆ ಬೇಡವೆಂದರು. ಪುಳಿಯೋಗರೆ ಗೊಜ್ಜನ್ನು ಒಂದು ಡಬ್ಬಿಗೆ ಹಾಕಿಕೊಟ್ಟಾಗ ಮಾತ್ರ ತೆಗೆದುಕೊಂಡರು. ಸಾಮಾನು ಮತ್ತೆ ತುಂಬುವಾಗ ಇವನು, "ಚಿಕ್ಕಪ್ಪನ ಹತ್ತಿರ ಸುಳ್ಳು ಹೇಳಬಾರದಿತ್ತು" ಅಂದ. ಆಮೇಲೆ ನರ್ಮದೆ ದಾಟಿ, ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿ, ಸಾಗರ ಎಂಬ ಊರು ಸೇರುವವರೆಗೂ ಮಾತೋ ಮಾತು. "ನಮ್ಮ ಮಲೆನಾಡಿನ ಸಾಗರ ಇಲ್ಲಿಗೆ ಯಾವಾಗ ಬಂತು?" ಅಂತ ನಗುವಷ್ಟು ಹಗುರಾಗಿದ್ದೆವು.

ನಾಲ್ಕನೆಯ ದಿನ ಝಾನ್ಸಿ ಮೇಲೆ ಗ್ವಾಲಿಯರ್. ಐದನೆಯ ದಿನ ಬೆಳಿಗ್ಗೆ ಆರಕ್ಕೇ ಹೊರಟದ್ದು ತಪ್ಪಾಯಿತು. ದಕ್ಷಿಣದವರಾದ ನಮಗೆ ಮಂಜೆಂದರೆ ನಂದಿಬೆಟ್ಟದ ಚೆಂದ. ಇಲ್ಲಿ ಕಾರಿನ ಬಾನೆಟ್ಟೇ ಕಾಣಿಸುತ್ತಿರಲಿಲ್ಲ. ನಾನು ಓಡಿಸುತ್ತಿದ್ದೆ. ಇವನು ಕಿಟಕಿ ಇಳಿಸಿ ತಲೆ ಹೊರಹಾಕಿ, "ಎಡಕ್ಕೆ... ನೇರ... ನಿಧಾನ" ಎನ್ನುತ್ತಿದ್ದ. ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿ ಹೋಗುತ್ತಿದ್ದಾಗ ಆ ದೀಪ ಥಟ್ಟನೆ ದೊಡ್ಡದಾಯಿತು. ಲಾರಿ ಚಲಿಸುತ್ತಲೇ ಇರಲಿಲ್ಲ. ಬ್ರೇಕ್ ಒತ್ತಿದೆ. ಕಾರು ನಿಂತಾಗ ನಡುವೆ ಒಂದು ಮಾರು ಅಂತರವಿತ್ತು. ಮೊರೇನಾದ ಢಾಬಾದಲ್ಲಿ ಹತ್ತೂವರೆಯವರೆಗೆ ಕೂತು ಬಿಸಿಲು ಬಂದ ಮೇಲೆಯೇ ಚಂಬಲ್ ದಾಟಿದೆವು. ಆಗ್ರಾದಿಂದ ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದು ಕತ್ತಲಾಗುವ ಮೊದಲು ಮನೆ ಸೇರಿದೆವು. ಅತ್ತೆಗೆ ಫೋನು ಮಾಡಿದರೆ, "ಅವಳಿಗೆ ಕೊಡು" ಅಂದರು. "ಊಟ ಆಯ್ತೇನಮ್ಮಾ?" ಎಂದು ಕೇಳಿದರು. ಅಷ್ಟೇ.

ಹೀಗೆ ಊರು ಬದಲಿಸುವ ಕನ್ನಡಿಗರಿಗೆ ಅನುಭವದಿಂದ ನಾಲ್ಕು ಮಾತು. ಸ್ಟೆಪ್ನಿಯನ್ನು ಡಿಕ್ಕಿಯಿಂದ ತೆಗೆದು ಕೈಗೆ ಸಿಗುವಲ್ಲಿಡಿ. ಹೊರಡುವ ಮೊದಲೇ ಚಕ್ರದ ನಟ್ಟುಗಳನ್ನು ಒಮ್ಮೆ ಸಡಿಲಿಸಿ ಬಿಗಿಸಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಗ್ವಾಲಿಯರಿನಿಂದ ಉತ್ತರಕ್ಕೆ ಬಿಸಿಲು ಬರುವವರೆಗೆ ಹೊರಡಬೇಡಿ. ಗಾಡಿ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುವುದಾದರೆ ಮರುನೋಂದಣಿ ಕಡ್ಡಾಯ. ಅದಕ್ಕೆ ನಮ್ಮ ಆರ್.ಟಿ.ಒ.ದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಊರು ಬಿಡುವ ಮೊದಲೇ ಮಾಡಿಸಿಕೊಂಡರೆ ರಜೆ ಹಾಕಿ ಓಡಾಡುವುದು ತಪ್ಪುತ್ತದೆ. ಹೊಸ ಗಾಡಿ ಕೊಳ್ಳುವವರ ಕಂಪನಿಗೆ ನಾಲ್ಕೋ ಹೆಚ್ಚೋ ರಾಜ್ಯಗಳಲ್ಲಿ ಕಚೇರಿಗಳಿದ್ದರೆ 2021ರಲ್ಲಿ ಬಂದ ಬಿ.ಎಚ್. ಸರಣಿಯನ್ನು ವಿಚಾರಿಸಿ.

ಕೆಎ 05 ಆಗಿದ್ದ ನಮ್ಮ ಸ್ಯಾಂಟ್ರೋ ಯುಪಿ 16 ಆಯಿತು. ಆಗ ದೆಹಲಿ ಸುತ್ತಮುತ್ತ ಪೆಟ್ರೋಲ್ ಗಾಡಿಗೆ ಹದಿನೈದೇ ವರ್ಷ ಆಯಸ್ಸು ಎಂಬ ನಿಯಮವಿತ್ತು. 2021ರಲ್ಲಿ ಅದು ಗುಜರಿಗೆ ಹೋಯಿತು. ಇವನಿಗೆ ಇಲ್ಲಿ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು ಏಳು ತಿಂಗಳ ಮೇಲೆ. ಆ ಏಳು ತಿಂಗಳು ಸುಲಭವಿರಲಿಲ್ಲ, ಆದರೆ ಯಾರು ಕೇಳಿದರೂ ಇವನು ಸುಳ್ಳು ಹೇಳಲಿಲ್ಲ.

2022ರ ಡಿಸೆಂಬರಿನಲ್ಲಿ ಹೊಸ ಕಾರಿನಲ್ಲಿ ಮಗಳನ್ನು ಕರೆದುಕೊಂಡು ಅದೇ ದಾರಿಯಲ್ಲಿ ಬೆಂಗಳೂರಿಗೆ ಬಂದೆವು. ಫಾಸ್ಟ್ಯಾಗ್ ಇದ್ದುದರಿಂದ ಟೋಲಿನಲ್ಲಿ ಚಿಲ್ಲರೆಯ ತಕರಾರಿಲ್ಲ. ಪೇಂಚ್‌ನಲ್ಲಿ ಈಗ ರಸ್ತೆಯೇ ಕಂಬಗಳ ಮೇಲೇರಿದೆ, ಅದರಡಿ ಪ್ರಾಣಿಗಳಿಗೆ ದಾರಿ. ಮಹಾರಾಷ್ಟ್ರದ ಭಾಗದಲ್ಲೇ ಅಂಥವು ಒಂಬತ್ತಿವೆ, ಹುಲಿಗಳೂ ಅಡಿಯಲ್ಲಿ ನಡೆದುಹೋಗುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ನಾವು ಸಾಮಾನು ಹರಡಿಕೊಂಡಿದ್ದ ಜಾಗ ಹುಡುಕಿದೆವು, ಗುರುತು ಸಿಗಲಿಲ್ಲ. ಬಾಗೇಪಲ್ಲಿ ಹತ್ತಿರ ಬೋರ್ಡು ನೋಡಿ ಮಗಳು, "ಅಮ್ಮಾ, ಇಲ್ಲಿಂದ ಕನ್ನಡ ಶುರುನಾ?" ಅಂದಳು. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಅತ್ತೆ ಕೂತಿದ್ದರು. ಮೂರು ತಿಂಗಳು ನಮ್ಮ ಜೊತೆಗಿದ್ದು ಊರಿಗೆ ಹೊರಟಿದ್ದರು. ಮೊಮ್ಮಗಳ ಕೈಗೆ ಕೋಡುಬಳೆ ಕೊಡುತ್ತಾ, "ನಿಮ್ಮನೇಲಿ ಏನು ಹಿಂದಿ ಮಾತಾಡ್ತಿದ್ದೆವೇನೇ ಇಷ್ಟು ದಿನ?" ಎಂದು ಗದರಿದರು.